ಎಷ್ಟು ಸುಮಾರು ಎಂದು ಕೇಳುತ್ತಿದ್ದವರು

ನಮ್ಮ ಗಣಿತದ ಮೇಷ್ಟ್ರು ತೀರಿಕೊಂಡರೆಂದು ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. ಯಾವಾಗ ಎಂದು ಕೇಳಿದೆ. "ಬೆಳಿಗ್ಗೆ ಸುಮಾರು ಆರು ಗಂಟೆಗೆ ಸಾರ್" ಎಂದ. "ಎಷ್ಟು ಸುಮಾರು?" ಎಂಬ ಮಾತು ನನ್ನ ಬಾಯಿಂದ ತಾನಾಗಿ ಹೊರಬಿತ್ತು. ಆ ಕಡೆ ಅವನು ಅಳುತ್ತಲೇ ನಕ್ಕ. ನಾನೂ ನಕ್ಕೆ, ಫೋನ್ ಇಟ್ಟ ಮೇಲೆ ಅತ್ತೆ. ಸುಂಟಿಕೊಪ್ಪದ ಸುತ್ತಮುತ್ತ ನಮ್ಮ ಶಾಲೆಯಲ್ಲಿ ಓದಿದ ಯಾರ ಎದುರಿಗಾದರೂ 'ಸುಮಾರು' ಎಂದು ನೋಡಿ, ಈ ಪ್ರಶ್ನೆ ಬಂದೇ ಬರುತ್ತದೆ.

ನಾನು ಅದೇ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದವನು. ಹತ್ತೊಂಬತ್ತು ವರ್ಷ ಅವರ ಪಕ್ಕದ ಕುರ್ಚಿಯಲ್ಲಿ ಕೂತಿದ್ದೇನೆ. ಲೆಕ್ಕ ಎಂದರೆ ನನಗೆ ಚಿಕ್ಕಂದಿನಿಂದಲೂ ಚಳಿಜ್ವರ. ಅವರಿಗೋ ವಿಶೇಷಣಗಳೆಂದರೆ ಆಗದು. "ಬಹಳ, ಅಪಾರ, ಸಾಕಷ್ಟು. ಇವೆಲ್ಲ ಅಳತೆ ಮಾಡೋಕೆ ಸೋಮಾರಿತನ ಇರೋರ ಪದ ಪಂಡಿತ್ರೇ" ಎನ್ನುತ್ತಿದ್ದರು. ಹೀಗಿದ್ದೂ ನಮ್ಮಿಬ್ಬರಿಗೆ ಹೇಗೆ ಹೊಂದಿತೋ, ಶಾಲೆಯಲ್ಲಿ ಎಲ್ಲರಿಗೂ ಆಶ್ಚರ್ಯವಾಗಿತ್ತು.

ಶನಿವಾರಸಂತೆ ಕಡೆಯವರು. ಮಾತೆಲ್ಲ ಹಾಸನದ ಸೀಮೆಯದು, 'ಹಂಗೆ', 'ಹಿಂಗೆ', 'ಕಣ್ರೀ'. ತೆಳ್ಳಗಿನ ಆಳು. ಅಂಗಿಯ ಜೇಬಿನಲ್ಲಿ ಬೇರೆಯವರು ಪೆನ್ನು ಸಿಕ್ಕಿಸುವ ಕಡೆ ಅವರು ಆರಿಂಚಿನ ಸ್ಟೀಲ್ ಸ್ಕೇಲು ಸಿಕ್ಕಿಸುತ್ತಿದ್ದರು. ಪೆನ್ನಿಗೆ ನನ್ನ ಜೇಬಿಗೆ ಕೈ ಹಾಕುತ್ತಿದ್ದರು, ವಾಪಸು ಬಂದದ್ದು ಅಪರೂಪ.

ಮತದಾರರ ಪಟ್ಟಿಗೆಂದು ವಯಸ್ಸು ಕೇಳಲು ಬಂದವರಿಗೆ ಒಮ್ಮೆ ಅವರು "ಐವತ್ತೆರಡು ತುಂಬಿದೆ, ಐವತ್ತಮೂರು ತುಂಬಿಲ್ಲ" ಎಂದರು. ಬರೆಯುತ್ತಿದ್ದ ಹುಡುಗಿ ತಲೆ ಎತ್ತಿ, "ಯಾವ್ದು ಬರೀಲಿ ಸಾರ್?" ಎಂದಳು. "ಐವತ್ತೆರಡು ಅಂತಾನೇ ಬರೀಮ್ಮ. ಐವತ್ತೆರಡು ವರ್ಷ ಹನ್ನೊಂದು ತಿಂಗಳಾದ್ರೂ ಜನ ಐವತ್ತೆರಡು ಅಂತಾನೇ ಹೇಳೋದು. ಬಟ್ಟೆ ಅಳೆಯೋವಾಗ ಹಂಗೆ ಮಾಡಲ್ಲ, ಹತ್ತಿರದ್ದು ಯಾವ್ದೋ ಅದನ್ನ ಹೇಳ್ತಾರೆ. ವಯಸ್ಸಿಗೇ ಒಂದು ಕಾನೂನು, ಬಟ್ಟೆಗೇ ಒಂದು" ಎಂದು ವಿವರಿಸಿದರು. ಪಾಪ, ಆಕೆಗೆ ಇನ್ನೂ ಅರವತ್ತು ಮನೆ ಬಾಕಿ ಇತ್ತು. ಮೊಸರಿನಲ್ಲಿ ಕಲ್ಲು ಹುಡುಕುವುದು ಎಂದರೆ ಇದೇ ಎಂದು ನಾನು ಅವರ ಮುಖಕ್ಕೇ ಹೇಳಿದೆ. "ಕಲ್ಲು ಇದ್ರೆ ಹಲ್ಲು ಹೋಗೋದು ನಿಮ್ಮದೇ" ಎಂದರು.

ಅವರ ಈ ಗುಣಕ್ಕೆ ನಮ್ಮ ಕೊಡಗಿನಲ್ಲಿ ಸಿಕ್ಕ ನಿಜವಾದ ಅಭಿಮಾನಿಗಳೆಂದರೆ ಕಾಫಿ ತೋಟದವರು. ಇಲ್ಲಿ ಮಳೆಗಾಲದಲ್ಲಿ ಇಬ್ಬರು ಎದುರಾದರೆ ಊಟವಾಯಿತೇ ಎನ್ನುವ ಮೊದಲು ನಿಮ್ಮಲ್ಲಿ ಎಷ್ಟು ಬಂತು ಎಂದು ಕೇಳುತ್ತಾರೆ. ಉತ್ತರ ಇಂಚು ಮತ್ತು ಸೆಂಟ್ಸಿನಲ್ಲಿ. ಇಂಚಿನ ನೂರನೇ ಒಂದು ಭಾಗ ಒಂದು ಸೆಂಟು. ಪ್ರತಿ ತೋಟದ ಅಂಗಳದಲ್ಲೂ ಮಳೆ ಅಳೆಯುವ ಗೇಜು, ಪ್ರತಿ ಆಫೀಸಿನಲ್ಲೂ ಅಜ್ಜನ ಕಾಲದಿಂದ ಬರೆದಿಟ್ಟ ಪುಸ್ತಕ. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ "ನಮ್ಮಲ್ಲಿ ನಿನ್ನೆ ಎರಡು ಇಂಚು" ಎಂದರೆ ಸಾಕು, ಮೇಷ್ಟ್ರು ಕೊಡೆ ಮಡಚಿ ಹತ್ತಿರ ಹೋಗಿ, "ಎರಡೇನಾ? ಸೆಂಟ್ಸು ಇಲ್ವಾ?" ಎನ್ನುತ್ತಿದ್ದರು. ಹಾಗೆ ಶುರುವಾದ ಮಾತಿನಲ್ಲಿ ಎಷ್ಟೋ ಬಸ್ಸು ತಪ್ಪಿಸಿಕೊಂಡಿದ್ದಾರೆ, ನನಗೂ ತಪ್ಪಿಸಿದ್ದಾರೆ.

ಒಂಬತ್ತನೇ ತರಗತಿಗೆ ಅಳತೆಯ ಪಾಠ ಮಾಡುವ ದಿನ ಅವರು ಪುಸ್ತಕ ಮುಟ್ಟುತ್ತಿರಲಿಲ್ಲ. ಒಂದೇ ಬೆಂಚನ್ನು ಇಡೀ ತರಗತಿಯಿಂದ ಅಳೆಸುತ್ತಿದ್ದರು. ಹತ್ತಿರದ ಸೆಂಟಿಮೀಟರಿಗೆ ಬರೆಯಿರಿ ಎನ್ನುತ್ತಿದ್ದರು. ಪಕ್ಕದ ಕೋಣೆಯಲ್ಲಿ ಪದ್ಯ ಓದುತ್ತಿದ್ದ ನನಗೆ ಗೋಡೆಯಾಚೆಯ ಗದ್ದಲದಲ್ಲಿ ನನ್ನ ದನಿಯೇ ಕೇಳುತ್ತಿರಲಿಲ್ಲ. ಒಮ್ಮೆ ಬೈಯಲೆಂದೇ ಹೋಗಿ, ಬಾಗಿಲಲ್ಲೇ ನಿಂತು ಪಾಠ ಕೇಳಿದೆ.

"ನೂರಿಪ್ಪತ್ತೆರಡು ಅಂತ ಬರೆದ್ರಲ್ಲ, ಅದೊಂದು ಮನೆ ಇದ್ದಂಗೆ ಕಣ್ರಪ್ಪಾ. ನೂರಿಪ್ಪತ್ತೊಂದೂವರೆಯಿಂದ ಹಿಡಿದು ನೂರಿಪ್ಪತ್ತೆರಡೂವರೆ ಮುಟ್ಟೋ ತನಕ ಇರೋ ಉದ್ದಗಳೆಲ್ಲ ಆ ಒಂದೇ ಹೆಸರಲ್ಲಿ ವಾಸ ಮಾಡ್ತವೆ." ಬೋರ್ಡಿನ ಮೇಲೆ ಒಂದು ಗೆರೆ ಎಳೆದು, ಎಡತುದಿಗೆ ತುಂಬಿದ ಚುಕ್ಕೆ, ಬಲತುದಿಗೆ ಟೊಳ್ಳು ಚುಕ್ಕೆ ಇಟ್ಟರು. "ಇದು ಕೆಳಮಿತಿ, ಇವನು ಮನೆಯೊಳಗಿನವನು. ಅದು ಮೇಲ್ಮಿತಿ. ನೂರಿಪ್ಪತ್ತೆರಡೂವರೆ ಸರಿಯಾಗಿ ಬಂತು ಅಂದ್ರೆ ನೂರಿಪ್ಪತ್ತಮೂರು ಅಂತ ಬರೀತೀರಲ್ಲ? ಹಂಗಾಗಿ ಅವನು ಪಕ್ಕದ ಮನೆಯವನು. ಬಾಗಿಲ ತನಕ ಬರಬಹುದು, ಒಳಗೆ ಬರಂಗಿಲ್ಲ."

"ಊಟಕ್ಕೂ ಬರಂಗಿಲ್ವಾ ಸಾರ್?" ಎಂದ ಹಿಂದಿನ ಬೆಂಚಿನ ಹುಡುಗ.

"ಅವನಿಗೆ ಆ ಮನೇಲಿ ಊಟ ಇದೆ ಕಣೋ. ಅಲ್ಲಿ ಅವನೇ ಕೆಳಮಿತಿ" ಎಂದರು ಮೇಷ್ಟ್ರು. ಬೈಯಲು ಬಂದದ್ದು ನನಗೆ ಮರೆತೇ ಹೋಯಿತು.

ಅದನ್ನು ನಾನು ಕಲಿತೆನೇ ಎಂದರೆ, ಇಲ್ಲ. ಕಲಿತಿದ್ದರೆ ಗಾಜಿನ ಪ್ರಸಂಗ ಆಗುತ್ತಿರಲಿಲ್ಲ. ಕ್ರಿಕೆಟ್ ಚೆಂಡಿಗೆ ಒಡೆದ ಆರು ಕಿಟಕಿ ಗಾಜು ಹಾಕಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಚೌಕಟ್ಟುಗಳನ್ನು ಅಳೆದೆ, ಆರೂ ನಲವತ್ತೈದು ಸೆಂಟಿಮೀಟರ್ ಅಗಲ. ಕುಶಾಲನಗರಕ್ಕೆ ಹೋಗಿ ನಲವತ್ತೈದರ ಆರು ಗಾಜು ಕತ್ತರಿಸಿಕೊಂಡು, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ. ಮೂರು ಗಾಜು ಚೌಕಟ್ಟಿನೊಳಗೆ ಹೋಗಲೇ ಇಲ್ಲ. ಒಂದನ್ನು ಒತ್ತಿ ಕೂರಿಸಲು ಹೋಗಿ ಒಡೆದೆ.

ಮೇಷ್ಟ್ರು ಸ್ಟೀಲ್ ಸ್ಕೇಲು ತೆಗೆದು ಎಲ್ಲವನ್ನೂ ಅಳೆದು ನೋಡಿದರು. "ನೀವು ತಪ್ಪು ಅಳೆದಿಲ್ಲ ಪಂಡಿತ್ರೇ. ಈ ಚೌಕಟ್ಟು ನಲವತ್ತನಾಲ್ಕು ಮುಕ್ಕಾಲು, ಅದೂ ನಲವತ್ತೈದೇ. ಈ ಗಾಜು ನಲವತ್ತೈದೂ ಕಾಲು, ಇದೂ ನಲವತ್ತೈದೇ. ಎರಡೂ ಒಂದೇ ಹೆಸರು, ಒಂದರೊಳಗೆ ಇನ್ನೊಂದು ಹೋಗಲ್ಲ, ಅಷ್ಟೇ" ಎಂದರು. ನಾನು ಬೇಸರದಿಂದ, ಮತ್ತೇನು ಮಾಡಬೇಕಿತ್ತು ಎಂದೆ. "ಚೌಕಟ್ಟು ಎಷ್ಟು ಚಿಕ್ಕದಿರಬಹುದು ನೋಡ್ಬೇಕು, ಗಾಜು ಎಷ್ಟು ದೊಡ್ಡದಿರಬಹುದು ನೋಡ್ಬೇಕು. ಒಂದಕ್ಕೆ ಕೆಳಮಿತಿ, ಒಂದಕ್ಕೆ ಮೇಲ್ಮಿತಿ. ಕೆಲ್ಸ ಕೆಡೋ ಕಡೆ ಯಾವ್ದೋ ಆ ಕಡೆಯದ್ದು ಹಿಡೀಬೇಕು." ಒಡೆದ ಗಾಜಿನ ವಿಷಯ ಹೆಡ್ಮಿಸ್ಟ್ರೆಸ್‌ಗೆ ಹೇಳದೆ ಅವರೇ ಹೊಟ್ಟೆಗೆ ಹಾಕಿಕೊಂಡರು. ಆದರೆ ಒಂದು ವರ್ಷ ನನ್ನನ್ನು 'ನಲವತ್ತೈದು' ಎಂದೇ ಕರೆದರು.

ಅವರ ಜೊತೆ ಬದುಕುವುದು ಸುಲಭವಿರಲಿಲ್ಲ ಎಂದು ಅವರ ಮನೆಯವರೇ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡದ್ದುಂಟು. ಸಾರು ಹೇಗಿದೆ ಎಂದರೆ ಚೆನ್ನಾಗಿದೆ ಎಂದು ಬಾಯಿ ತುಂಬ ಹೇಳುವ ಮನುಷ್ಯನಲ್ಲ. ಮಕ್ಕಳನ್ನು ಹೊಗಳುವುದೂ ಅಷ್ಟೇ, ಅಳೆದು ತೂಗಿ. ಪರೀಕ್ಷೆಯಲ್ಲಿ ಪಾಸಾಗುತ್ತೇನಾ ಎಂದು ಕೇಳಿದವರಿಗೆ, "ಇಪ್ಪತ್ತೆಂಟರಿಂದ ನಲವತ್ತರೊಳಗೆ ಬರ್ತದೆ, ಮೂವತ್ತೈದು ಮಧ್ಯೆ ಎಲ್ಲೋ ಇದೆ, ಓದ್ಕೋ" ಎನ್ನುತ್ತಿದ್ದರು. ಧೈರ್ಯ ಹೇಳಿ ಎಂದು ನಾನು ಗದರಿದರೆ, "ಗೊತ್ತಿಲ್ಲದ್ದನ್ನ ಗೊತ್ತು ಅಂತ ಹೆಂಗ್ರೀ ಹೇಳಲಿ?" ಎಂದು ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಅಡ್ಡಗೋಡೆಯ ಮೇಲೆ ದೀಪ ಇಡುವವರು ಎಂದು ಊರಿನಲ್ಲಿ ಹೆಸರಾಗಿತ್ತು. ನಾನೂ ಹಾಗೆಯೇ ತಿಳಿದಿದ್ದೆ, ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲದ ತನಕ.

ಆ ವರ್ಷ ಮಳೆ ಬಿಡದೆ ಹಿಡಿದಿತ್ತು. ಶಾಲೆಗೆ ರಜೆ ಕೊಟ್ಟಿದ್ದರು, ನಾವು ಮೇಷ್ಟ್ರುಗಳು ಮಾತ್ರ ಹೋಗಿ ಸಹಿ ಹಾಕಿ ಬರುತ್ತಿದ್ದೆವು. ಶಾಲೆಯಿಂದ ಅರ್ಧ ಮೈಲಿ ದೂರದ ಎಸ್ಟೇಟಿನಲ್ಲಿ, ಕೆಲಸಗಾರರ ಲೈನ್ ಮನೆಗಳ ಹಿಂದಿನ ಗುಡ್ಡದಲ್ಲಿ ಕಾಫಿ ಗಿಡಗಳ ನಡುವೆ ನೆಲ ಬಿರಿದಿತ್ತು. ಒಂದೇ ಸಾಲಿನಲ್ಲಿ ಎಂಟು ಮನೆ, ನಲವತ್ತೊಂದು ಜನ, ಅದರಲ್ಲಿ ಹನ್ನೊಂದು ಮಂದಿ ನಮ್ಮ ಶಾಲೆಯ ಮಕ್ಕಳು. ನೋಡಲು ಬಂದ ಅಧಿಕಾರಿಗಳು ಬಿರುಕು ಬೆಳೆಯುತ್ತದೆಯೇ ದಿನಾ ಅಳೆದು ನೋಡಿ, ಬೆಳೆದರೆ ಜನರನ್ನು ಎಬ್ಬಿಸಿ ಎಂದು ಹೇಳಿ ಹೋದರು. ಪಾತ್ರೆಪರಡಿ, ಕೋಳಿ, ಕೂಸು ಕಟ್ಟಿಕೊಂಡು ಆ ಮಳೆಯಲ್ಲಿ ಹೊರಡಲು ಲೈನಿನವರಿಗೂ ಮನಸ್ಸಿರಲಿಲ್ಲ. ಬೆಳೆದರೆ ಹೋಗೋಣ, ಇಲ್ಲದಿದ್ದರೆ ಇಲ್ಲೇ ಇರೋಣ ಎಂದು ಎಲ್ಲರೂ ಒಪ್ಪಿಕೊಂಡರು. ಉದ್ದದ ಟೇಪು ಇದ್ದದ್ದು ಶಾಲೆಯಲ್ಲಿ, ಹಾಗಾಗಿ ಅಳೆಯುವ ಕೆಲಸ ನಮಗೆ ಬಂತು. ಮೇಷ್ಟ್ರು ತಂಗಿಯ ಮನೆಯ ತಿಥಿಗೆಂದು ಊರಿಗೆ ಹೋಗಿದ್ದರು. ಟೇಪು ನನ್ನ ಕೈಗೆ ಬಂತು.

ಬಿರುಕಿನ ಆಚೆಗೊಂದು, ಈಚೆಗೊಂದು ಗೂಟ ಹೊಡೆದು, ಎರಡರ ನಡುವಿನ ಅಂತರ ಅಳೆದೆ. ಸೋಮವಾರ ಅರವತ್ತೆರಡು ಸೆಂಟಿಮೀಟರ್. ಮಂಗಳವಾರ ಅರವತ್ತೆರಡು. ಬುಧವಾರವೂ ಅರವತ್ತೆರಡು. ಪುಸ್ತಕದಲ್ಲಿ ದುಂಡಗೆ 'ನಿನ್ನೆಯಷ್ಟೇ' ಎಂದು ಬರೆದೆ. ಆ ಪದ ಓದಿ ಹೇಳಿದಾಗ ಲೈನಿನ ಹೆಂಗಸರು ಕೈಮುಗಿದರು. ನನಗೂ ಏನೋ ಪುಣ್ಯದ ಕೆಲಸ ಮಾಡಿದ ಹಾಗೆ ಅನಿಸಿತು.

ಬುಧವಾರ ಮಧ್ಯಾಹ್ನದ ಬಸ್ಸಿಗೆ ಮೇಷ್ಟ್ರು ಬಂದರು. ಚೀಲವನ್ನೂ ಇಳಿಸದೆ ಪುಸ್ತಕ ನೋಡಿದರು.

"ಅರವತ್ತೆರಡು ಪಾಯಿಂಟು ಎಷ್ಟು?"

"ಗುಡ್ಡಕ್ಕೆ ಎಂತ ಪಾಯಿಂಟು ಮೇಷ್ಟ್ರೇ? ಅರವತ್ತೆರಡು" ಎಂದೆ.

ಅವರು ಕೊಡೆ ತೆಗೆದುಕೊಂಡು ನಡೆದರು, ನಾನು ಹಿಂದೆ ಓಡಿದೆ. ಗುಡ್ಡದ ಮೇಲೆ ಕೆಸರಿನಲ್ಲಿ ಮಂಡಿಯೂರಿ, ಟೇಪಿನ ಪಕ್ಕಕ್ಕೆ ಸ್ಟೀಲ್ ಸ್ಕೇಲು ಹಿಡಿದು ಅಳೆದರು. ಅರವತ್ತೆರಡು ಪಾಯಿಂಟ್ ನಾಲ್ಕು. ತಿರುಗಿ ನನ್ನನ್ನು ನೋಡಿದರು. "ಪಂಡಿತ್ರೇ, ಚೆನ್ನಾಗಿ ನೆನಪು ಮಾಡ್ಕೊಳ್ಳಿ. ಸೋಮವಾರ ಟೇಪು ಅರವತ್ತೆರಡರ ಗೆರೆ ಮುಟ್ಟಿತ್ತಾ, ದಾಟಿತ್ತಾ, ಇನ್ನೂ ಮುಟ್ಟಿರಲಿಲ್ವಾ?"

ನನಗೆ ನೆನಪಿತ್ತು. ಮಳೆ ಮುಖಕ್ಕೆ ಹೊಡೆಯುತ್ತಿದ್ದರೂ ಆ ಗೆರೆ ಕಣ್ಣಿಗೆ ಕಟ್ಟಿದ ಹಾಗಿತ್ತು. "ಮುಟ್ಟಿರಲಿಲ್ಲ. ಸ್ವಲ್ಪ ಕಮ್ಮಿ ಇತ್ತು. ಅರವತ್ತೆರಡು ಅಂತ ಮಾಡಿದೆ" ಎಂದೆ. ಹೇಳುವಾಗಲೇ ವಿಷಯ ಹೊಳೆಯಿತು. ಮೊದಲ ದಿನ ಇಲ್ಲದ್ದನ್ನು ಕೊಟ್ಟಿದ್ದೆ, ಮೂರನೇ ದಿನ ಇದ್ದದ್ದನ್ನು ಬಿಟ್ಟಿದ್ದೆ. ನನ್ನ ಮೂರೂ ಅಳತೆ ಸರಿಯಾಗಿದ್ದವು. 'ನಿನ್ನೆಯಷ್ಟೇ' ಎಂಬ ಮಾತು ಮಾತ್ರ ಸುಳ್ಳಾಗಿತ್ತು, ಮತ್ತು ಆ ಮಾತನ್ನು ನಂಬಿಕೊಂಡು ಕೆಳಗೆ ನಲವತ್ತೊಂದು ಜನ ಅನ್ನ ಬೇಯಿಸಿಕೊಳ್ಳುತ್ತಿದ್ದರು.

ಅವರು ಒಂದು ಮಾತೂ ಬೈಯಲಿಲ್ಲ. ಪುಸ್ತಕದಲ್ಲಿ ನನ್ನ ಬರಹದ ಕೆಳಗೆ ಕೊಡೆಯ ನೆರಳಲ್ಲೇ ಲೆಕ್ಕ ಹಾಕಿದರು. ಸೋಮವಾರ ಅರವತ್ತೊಂದೂವರೆಗಿಂತ ಕಡಿಮೆಯಿರಲಿಲ್ಲ, ಅರವತ್ತೆರಡು ಮುಟ್ಟಿರಲಿಲ್ಲ. ಇವತ್ತಿನ ಅರವತ್ತೆರಡು ಪಾಯಿಂಟ್ ನಾಲ್ಕಕ್ಕೂ ಆಚೆ ಈಚೆ ಅರ್ಧರ್ಧ ಮಿಲಿಮೀಟರ್ ಬಿಡಬೇಕು. ಹಾಗಿದ್ದರೆ ಎರಡು ದಿನದಲ್ಲಿ ಬಿರುಕು ಬೆಳೆದದ್ದು ಮೂರೂವರೆ ಮಿಲಿಮೀಟರಿಗಿಂತ ಜಾಸ್ತಿ, ಒಂಬತ್ತೂವರೆಗಿಂತ ಕಡಿಮೆ. ಅದನ್ನು ಹಿಡಿದು ನೇರ ಎಸ್ಟೇಟ್ ಆಫೀಸಿಗೆ ಹೋದರು.

ಮ್ಯಾನೇಜರ್ ಕೆಟ್ಟವರೇನಲ್ಲ. ಮಳೆಯಲ್ಲಿ ಅವರಿಗೂ ನಿದ್ದೆಯಿರಲಿಲ್ಲ. "ಸಾರ್, ಒಂದು ಮಾತು ಹೇಳಿ. ಗುಡ್ಡ ಬೀಳ್ತದಾ, ಇಲ್ವಾ?" ಎಂದರು.

"ಅದು ನನಗೆ ಗೊತ್ತಿಲ್ಲ" ಎಂದರು ಮೇಷ್ಟ್ರು. "ಜರುಗಿದೆ ಅನ್ನೋದು ಗೊತ್ತು. ಎಷ್ಟರಿಂದ ಎಷ್ಟರೊಳಗೆ ಅನ್ನೋದು ಗೊತ್ತು. ಅಷ್ಟೇ ಗೊತ್ತು."

"ಮೂರೂವರೆ ಮಿಲಿಮೀಟರಿಗೆ ಎಂಟು ಮನೆ ಎಬ್ಬಿಸೋದಾ ಸಾರ್? ಜನ ಎಂತ ಹೇಳ್ತಾರೆ?"

"ಮೂರೂವರೆ ಯಾಕೆ ಹಿಡಿದ್ರಿ? ಕಿಟಕಿ ಗಾಜಾದ್ರೆ ತಪ್ಪಿದ್ರೆ ಇನ್ನೊಂದು ತರಬಹುದು. ಕೆಳಗೆ ಜನ ಮಲಗೋ ಜಾಗಕ್ಕೆ ಮೇಲ್ಮಿತಿನೇ ಹಿಡೀಬೇಕು. ಒಂಬತ್ತೂವರೆ ಅಂತ ತಿಳ್ಕೊಂಡು ಎಬ್ಬಿಸಿ. ಏನೂ ಆಗ್ಲಿಲ್ಲ ಅಂದ್ರೆ ಬೈಗುಳ ನನಗೆ."

ಮ್ಯಾನೇಜರ್ ಎದ್ದು ಜೀಪಿನ ಕೀಲಿ ತೆಗೆದುಕೊಂಡರು. ಕತ್ತಲಾಗುವ ಮೊದಲೇ ಎಂಟು ಮನೆಯೂ ಖಾಲಿಯಾಗಿ, ಶಾಲೆಯ ಮೂರು ಕೋಣೆ ತುಂಬಿದವು. ಕೊನೆಯ ತನಕ ಹಟ ಹಿಡಿದವರು ಒಂಬತ್ತನೇ ತರಗತಿಯ ಸೆಲ್ವಿಯ ಅಜ್ಜಿ. ಸೊಂಟ ಮುರಿದು ಮಂಚ ಹಿಡಿದವರು. "ವೇಣಾಂ ಸಾರ್, ಬೇಡ, ಈ ಮಳೆ ನಾನು ಎಷ್ಟು ನೋಡಿಲ್ಲ" ಎಂದು ಗೋಡೆ ಹಿಡಿದುಕೊಂಡರು. ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಜನ ಕುರ್ಚಿ ಸಮೇತ ಹೊತ್ತೆವು. ದಾರಿಯುದ್ದಕ್ಕೂ ತಮಿಳಿನಲ್ಲಿ ಬೈದರು. ಅರ್ಥವಾಗದಿದ್ದದ್ದೇ ಒಳ್ಳೆಯದಾಯಿತು ಎಂದರು ಮೇಷ್ಟ್ರು, ಕುರ್ಚಿಯ ಒಂದು ಕಾಲು ಹಿಡಿದು ಏದುಸಿರು ಬಿಡುತ್ತ.

ಗುರುವಾರ ಏನೂ ಆಗಲಿಲ್ಲ. ಮಳೆ ಕೂಡ ಸ್ವಲ್ಪ ಬಿಟ್ಟಿತು. ಕೋಳಿ ಬಿಟ್ಟು ಬಂದವರು, ಒಲೆಗೆ ಜಾಗ ಸಿಗದವರು ಗೊಣಗಲು ಶುರು ಮಾಡಿದರು. ಮೇಷ್ಟ್ರು ಎರಡು ಸಲ ಗುಡ್ಡ ಹತ್ತಿ ಬಂದು ಎಷ್ಟಿದೆ ಎಂದು ಎಲ್ಲರಿಗೂ ಹೇಳಿದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ಅವರ ಮಾನದ ಚಿಂತೆ. ಗುಡ್ಡ ಬೀಳದೇ ಹೋದರೆ ಊರವರು ನಿಮ್ಮನ್ನು ಸುಮ್ಮನೆ ಬಿಡುತ್ತಾರಾ ಎಂದು ಕೇಳಿದೆ. "ಬೀಳದೇ ಹೋದ್ರೆ ಹಬ್ಬ ಕಣ್ರೀ" ಎಂದರು. ಆ ಮಾತು ಹೇಳುವಾಗ ಅವರ ಮುಖದಲ್ಲಿದ್ದ ಆಸೆ ನನಗೆ ಇನ್ನೂ ಕಾಣುತ್ತದೆ. ತಾನು ನಗೆಪಾಟಲಾಗಲಿ ಎಂದು ಮನಸಾರೆ ಬಯಸಿದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ಶುಕ್ರವಾರ ಉಳಿದ ಕೋಣೆಗಳಲ್ಲಿ ಶಾಲೆ ಶುರುವಾಗಿತ್ತು. ಲೈನಿನ ದೊಡ್ಡವರೆಲ್ಲ ತೋಟದ ಆಚೆ ಬದಿಯಲ್ಲಿ ಬಿದ್ದ ಮರ ತೆಗೆಯಲು ಹೋಗಿದ್ದರು. ಹನ್ನೊಂದು ಗಂಟೆಗೆ ಲಾರಿಯಿಂದ ಕಲ್ಲು ಸುರಿದಂಥ ಸದ್ದು ಬಂತು, ನಿಲ್ಲದೆ ಬಂತು. ಓಡಿ ಹೋಗಿ ನೋಡಿದರೆ ಲೈನ್ ಇದ್ದ ಜಾಗದಲ್ಲಿ ಕೆಂಪು ಮಣ್ಣು ಮಾತ್ರ ಇತ್ತು, ಅದರಲ್ಲಿ ಬೇರು ಮೇಲಾದ ಕಾಫಿ ಗಿಡಗಳು. ಮೇಷ್ಟ್ರು ಅಲ್ಲಿಯೇ ದಾರಿಯಲ್ಲಿ ಕೂತುಬಿಟ್ಟರು. ತಲೆ ಎಣಿಸಿ ನಲವತ್ತೊಂದೂ ಇದೆ ಎಂದು ಯಾರೋ ಬಂದು ಮೂರು ಸಲ ಹೇಳುವ ತನಕ ಏಳಲಿಲ್ಲ.

ಮಳೆ ಕಳೆದ ಮೇಲೆ ಊರವರು ಸೇರಿ ಶಾಲೆಯ ಹಾಲಿನಲ್ಲಿ ಅವರಿಗೊಂದು ಸನ್ಮಾನ ಇಟ್ಟುಕೊಂಡರು. ಮಾನಪತ್ರ ಬರೆಯುವ ಕೆಲಸ ಸಹಜವಾಗಿ ನನ್ನದು. ನನಗೆ ಗೊತ್ತಿದ್ದ ವಿಶೇಷಣಗಳನ್ನೆಲ್ಲ ಸುರಿದು ಬರೆದಿದ್ದೆ. 'ನಲವತ್ತೊಂದು ಅಮೂಲ್ಯ ಪ್ರಾಣಗಳನ್ನು ಉಳಿಸಿದ ಮಹನೀಯರೇ' ಎಂದು ದನಿ ಏರಿಸಿ ಓದುತ್ತಿದ್ದಾಗ, ವೇದಿಕೆಯ ಕುರ್ಚಿಯಲ್ಲಿದ್ದ ಅವರು ವಿದ್ಯಾರ್ಥಿಯಂತೆ ಕೈ ಎತ್ತಿದರು.

"ಪಂಡಿತ್ರೇ, ನಲವತ್ತೊಂದು ಹೆಂಗೆ ಬಂತು?"

ಅವರು ಎದ್ದು, ಹಿಂದಿದ್ದ ಕರಿಹಲಗೆಯ ಮೇಲೆ ಗೆರೆ ಎಳೆದರು. "ಗುಡ್ಡ ಬಂದಿದ್ದು ಹನ್ನೊಂದು ಗಂಟೆಗೆ. ಆ ಹೊತ್ತಲ್ಲಿ ದೊಡ್ಡೋರು ಕೆಲ್ಸದಲ್ಲಿದ್ರು, ಮಕ್ಕಳು ಶಾಲೇಲಿ, ಚಿಕ್ಕೋವು ಅಂಗನವಾಡೀಲಿ. ನಾನು ಯಾರನ್ನೂ ಎಬ್ಬಿಸದೇ ಇದ್ರೂ ಮನೆಗಳು ಖಾಲಿ ಇರಬಹುದಿತ್ತು. ನನ್ನಿಂದ ಜೀವ ಉಳಿದೋರು ಸೊನ್ನೆಯಿಂದ ನಲವತ್ತೊಂದರೊಳಗೆ ಎಷ್ಟು ಬೇಕಾದ್ರೂ ಇರಬಹುದು." ಎಡತುದಿಯಲ್ಲಿ ದೊಡ್ಡದಾಗಿ ಸೊನ್ನೆ ಬರೆದರು. "ಗೊತ್ತಿಲ್ಲದ್ದಕ್ಕೆ ನಾನು ಶಾಲು ಹೊದ್ಕೊಳ್ಳೋದು ಸರಿಯಲ್ಲ, ಬೇಜಾರು ಮಾಡ್ಕೋಬೇಡಿ" ಎಂದು ಸೀಮೆಸುಣ್ಣ ಕೆಳಗಿಟ್ಟರು. ಶಾಲು ಹಿಡಿದಿದ್ದ ಪಂಚಾಯಿತಿ ಅಧ್ಯಕ್ಷರು ಅದನ್ನು ಮತ್ತೆ ಮಡಚುವುದೋ ಬೇಡವೋ ತಿಳಿಯದೆ ನಿಂತರು. ನನಗೆ ಸಿಟ್ಟೇ ಬಂತು. ಸನ್ಮಾನದ ದಿನವೂ ಇದೇನು ಹಟ ಎಂದುಕೊಂಡೆ.

ಆಗ ಮಕ್ಕಳ ಸಾಲಿನಿಂದ ಸೆಲ್ವಿ ಎದ್ದು ನಿಂತಳು.

"ಸಾರ್, ಕೆಳಮಿತಿ ತಪ್ಪಾಗಿದೆ ಸಾರ್."

"ಯಾಕಮ್ಮ?" ಎಂದರು ಮೇಷ್ಟ್ರು.

"ನಮ್ಮ ಪಾಟಿ, ಅಜ್ಜಿ ಸಾರ್, ಆರು ವರ್ಷದಿಂದ ಮಂಚ ಬಿಟ್ಟು ಇಳಿದಿಲ್ಲ. ಹನ್ನೊಂದು ಗಂಟೆಗೂ ಮನೇಲೇ ಇರ್ತಿದ್ರು ಸಾರ್."

ಮೇಷ್ಟ್ರು ಹಲಗೆಯನ್ನು ನೋಡಿದರು. ಅಜ್ಜಿ ಮುಂದಿನ ಸಾಲಿನಲ್ಲೇ ಇದ್ದರು, ಕಂಬಳಿ ಹೊದೆಸಿ ಕುರ್ಚಿಯಲ್ಲಿ ಕೂರಿಸಿ ತಂದಿದ್ದರು. ಮೇಷ್ಟ್ರು ಅಂಗೈಯಿಂದಲೇ ಸೊನ್ನೆ ಒರೆಸಿ, ಅಲ್ಲಿ ಒಂದು ಎಂದು ಬರೆದರು. ಆಮೇಲೆ ವೇದಿಕೆ ಇಳಿದು ಬಂದು ಆ ಮುದುಕಿಯ ಎದುರು ಕೈಮುಗಿದರು. "ತಪ್ಪಾಯ್ತಮ್ಮ. ನಿಮ್ಮನ್ನ ಲೆಕ್ಕದಲ್ಲಿ ಬಿಟ್ಟುಬಿಟ್ಟಿದ್ದೆ" ಎಂದರು.

ಕಿವಿ ಮಂದವಾಗಿದ್ದ ಅಜ್ಜಿಗೆ ಏನು ಕೇಳಿಸಿತೋ, ಅವರ ಎರಡೂ ಕೈ ಹಿಡಿದುಕೊಂಡು, "ಬಿಟ್ಟಿಲ್ಲ ಸಾರೇ. ಹೊತ್ಕೊಂಡು ಬಂದ್ರಲ್ಲ" ಎಂದರು.

ಮೇಷ್ಟ್ರು ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದರು. "ಪಂಡಿತ್ರೇ, ಅಲ್ಲಿ 'ಕನಿಷ್ಠ ಒಂದು' ಅಂತ ತಿದ್ದಿ ಓದಿ" ಎಂದರು. ನಾನು ತಿದ್ದಿ ಓದಿದೆ. ಆಮೇಲೆ ಅವರು ಅಜ್ಜಿಯ ಪಕ್ಕದಲ್ಲೇ ನೆಲದ ಮೇಲೆ ಕೂತು, ಅಧ್ಯಕ್ಷರಿಗೆ, "ಈಗ ಹೊದಿಸಿ" ಎಂದು ತಲೆ ಬಗ್ಗಿಸಿದರು.